ಬಸ್ಸಿನ ಮೇಲೆ ಬಂದ ವರ

"ಇಳೀರಿ ಸಾರ್, ಏಣಿ ನಾ ಹಿಡ್ಕಂಡೀನಿ!" ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಅಪ್ಪ ಬಸ್ಸಿನ ಟಾಪ್ ನೋಡುತ್ತಾ ಕೂಗುತ್ತಿದ್ದರು. ಮೇಲಿದ್ದದ್ದು ಈರುಳ್ಳಿ ಚೀಲಗಳು ಮಾತ್ರ. ಅಕ್ಕನನ್ನು ನೋಡಲು ಕೂಡ್ಲಿಗಿಯಿಂದ ಹೊರಟಿದ್ದ ಇಂಗ್ಲಿಷ್ ಮೇಷ್ಟ್ರು, 'ಆನ್ ದಿ ಬಸ್' ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದರು. ಆಗಷ್ಟೇ ಇಂಗ್ಲಿಷ್ ಕಲಿಯುತ್ತಿದ್ದ ಅಪ್ಪನಿಗೆ 'ಆನ್' ಎಂದರೆ 'ಮೇಲೆ' ಎಂದಷ್ಟೇ ಗೊತ್ತಿತ್ತು.

ವರ ಬಾಗಿಲಿನಿಂದ ಇಳಿದು ಬಂದರು. "ಬಸ್ಸಿನ ಮ್ಯಾಲೆ ಬರ್ತೀನಂದಿದ್ರಲ್ರೀ?" ಎಂದು ಅಪ್ಪ ಕೇಳಿದಾಗ ಸುತ್ತಲಿದ್ದವರೆಲ್ಲ ನಕ್ಕರು. ಅಪ್ಪನ ಮುಖ ಬಾಡಿತು.

"ತಪ್ಪು ನಂದೇ ರೀ ಯಜಮಾನ್ರ, 'ಇನ್' ಅನ್ನಬೇಕಿತ್ತು," ಎಂದರು ಮೇಷ್ಟ್ರು, ಗಂಭೀರವಾಗಿ.

'ಆನ್' ಸರಿಯೇ ಎಂದು ಬಿ.ಎ. ಓದಿದ್ದ ಅಕ್ಕನಿಗೆ ಗೊತ್ತಿತ್ತು. ನಾನು ನಿಲ್ದಾಣದಿಂದ ಮನೆಗೆ ಓಡಿಹೋಗಿ ನಡೆದದ್ದನ್ನು ಹೇಳಿದ್ದೇ ತಡ, ವರನ ಮುಖ ನೋಡುವ ಮೊದಲೇ ಒಪ್ಪಿಬಿಟ್ಟಳು. ನಮ್ಮ ಮನೆಯಲ್ಲಿ ಇಂದಿಗೂ ಎಲ್ಲರೂ 'ಇನ್ ದಿ ಬಸ್' ಎನ್ನುತ್ತೇವೆ. ಭಾವ ಒಮ್ಮೆಯೂ ತಿದ್ದಿಲ್ಲ.