ಛೀ ದೊಡ್ಡಮ್ಮ ಮತ್ತು ಮೊಲದ ಮರಿಯ ಊಟ

ನಮ್ಮ ದೊಡ್ಡಮ್ಮನ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬರುವುದು ಒಂದೇ ಮಾತು: ಛೀ. ಬಸ್ಸಿನ ಕಂಬಿ ಹಿಡಿದರೆ ಛೀ, ಪಕ್ಕದ ಮನೆಯವರ ತಟ್ಟೆ ಮುಟ್ಟಿದರೆ ಛೀ, ನಾನು ಕಾಫಿಯನ್ನು ಊದಿ ಕುಡಿದರೂ ಛೀ. ಓಣಿಯ ಮಕ್ಕಳು ಅವಳಿಗೆ 'ಛೀ ದೊಡ್ಡಮ್ಮ' ಎಂದೇ ಹೆಸರಿಟ್ಟಿದ್ದರು. ಅವಳು ಅದನ್ನು ಬಿರುದು ಎಂದುಕೊಂಡಿದ್ದಳು.

ಮೂವತ್ತೊಂದು ವರ್ಷ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವಳು. ವಾರ್ಡುಗಳಿಂದ ಮೂಟೆ ಕಟ್ಟಿ ಬರುವ ಚಾದರಗಳನ್ನು ಬಿಚ್ಚಿ, ರಕ್ತದ್ದು ಒಂದು ತೊಟ್ಟಿಗೆ, ಕೀವಿನದು ಇನ್ನೊಂದಕ್ಕೆ, ವಾಂತಿಯದು ಮತ್ತೊಂದಕ್ಕೆ ಹಾಕಿ ಕುದಿಸುವುದು ಕೆಲಸ. ಕುದಿಸಿದ್ದನ್ನು ಬಿಟ್ಟು ಬೇರೇನನ್ನೂ ಅವಳು ನಂಬುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಮನೆಯನ್ನೇ ಆ ಕೋಣೆ ಮಾಡಿಕೊಂಡಳು. ಚಮಚ ಕುದಿಯಿತು, ಬಾಚಣಿಗೆ ಕುದಿಯಿತು, ನನ್ನ ಹಲ್ಲುಜ್ಜುವ ಬ್ರಷ್ಷೂ ಕುದಿದು ಸೊಟ್ಟಗಾಯಿತು. ನಾನು ಅದೇ ಮನೆಯ ಮಹಡಿಯಲ್ಲಿರುವವನು. ಕೊಳೆ ಕಂಡರೆ ನನಗೆ ಅಷ್ಟೇನೂ ಹೇಸಿಗೆಯಿಲ್ಲ. ಅವಳ ಶುಚಿ ಕಂಡರೇ ಹೇಸಿಗೆ.

ಇಂಥವಳ ಕೈಗೆ ಒಂದು ಸೋಮವಾರ ಮೊಮ್ಮಗಳು ಮೊಲದ ಮರಿಯನ್ನು ಕೊಟ್ಟು ಶಾಲೆಯ ಪ್ರವಾಸಕ್ಕೆ ಹೊರಟಳು. ಸೈಕಲ್ ಅಂಗಡಿಯವನು ತನ್ನ ಹಿತ್ತಲಲ್ಲಿ ಸಾಕುವ ಮೊಲಗಳ ಮರಿ ಅದು, ಎರಡು ತಿಂಗಳದ್ದು.

"ಭಾನುವಾರ ಸಂಜೆ ಬರ್ತೀನಿ ಅಜ್ಜಿ. ಅಲ್ಲೀವರೆಗೂ ಚೆನ್ನಾಗಿ ನೋಡ್ಕೋ," ಎಂದಳು. ದೊಡ್ಡಮ್ಮ ಹೂಂ ಎಂದಳು. ಆ ಹುಡುಗಿಗೆ ಮಾತ್ರ ಅವಳು ಜನ್ಮದಲ್ಲಿ ಛೀ ಅಂದಿಲ್ಲ.

ಸೈಕಲ್ ಅಂಗಡಿಯವನೇ ಬಂದು ಒಂದು ಚೀಲ ಒಣಹುಲ್ಲು ಇಟ್ಟ. "ಇದೇ ಇದರ ಊಟ ಅಮ್ಮ. ಹುಲ್ಲು, ನೀರು ಯಾವಾಗ್ಲೂ ಮುಂದೆ ಇರ್ಬೇಕು. ಸೊಪ್ಪು ತರಕಾರಿ ಈಗ್ಲೇ ಬೇಡ, ಇನ್ನೂ ಎಳೇ ಹೊಟ್ಟೆ."

ದೊಡ್ಡಮ್ಮ ಚೀಲಕ್ಕೆ ಕೈ ಹಾಕಿದಳು. ಧೂಳು, ಜೇಡರ ಬಲೆ, ಸತ್ತ ಹುಳು ಒಂದು. ಮುಖ ಸಿಂಡರಿಸಿಕೊಂಡು ಅವನ ಎದುರೇ ಚೀಲವನ್ನು ಕಸದ ಡಬ್ಬಕ್ಕೆ ಸುರಿದಳು. "ಛೀ. ಇದು ಮನೆ ಕಣಪ್ಪ, ಕೊಟ್ಟಿಗೆ ಅಲ್ಲ."

ಅಂದಿನಿಂದ ಮರಿಗೆ ಸಿಪ್ಪೆ ತೆಗೆದು, ಕುದಿಸಿ, ಮೆತ್ತಗೆ ಮಾಡಿದ ಕ್ಯಾರೆಟ್, ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಸಿಹಿಯಾಗಿದ್ದದ್ದಕ್ಕೆ ಮರಿ ಮುಗಿಬಿದ್ದು ತಿಂದಿತು. ನಾನು ಅಂಗಡಿಯವನ ಮಾತನ್ನು ಕೇಳಿದ್ದೆ. ಆದರೂ ಇವಳ ಬಾಯಿಗೆ ಯಾರು ಬೀಳುತ್ತಾರೆ ಎಂದು ಸುಮ್ಮನಿದ್ದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎರಡನೆಯ ಬೆಳಗ್ಗೆ ಅವಳು ನೋಡಬಾರದ್ದನ್ನು ನೋಡಿದಳು. ಮರಿ ಬಗ್ಗಿ, ತನ್ನ ಹಿಂಭಾಗದಿಂದಲೇ ಮೆತ್ತನೆಯ ಹಿಕ್ಕೆಯನ್ನು ಬಾಯಿಗೆ ತೆಗೆದುಕೊಂಡು ನುಂಗಿತು. ದೊಡ್ಡಮ್ಮ ಬಚ್ಚಲಿಗೆ ಓಡಿದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಆ ಮರಿಯ ಬೆನ್ನು ಹತ್ತಿದಳು. ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ಅದರ ಕುತ್ತಿಗೆಗೆ ಪಟ್ಟಿ ಕಟ್ಟಿದಳು, ಬಾಯಿ ಹಿಂದಕ್ಕೆ ಹೋಗದ ಹಾಗೆ. ಬಿದ್ದ ಹಿಕ್ಕೆಯನ್ನೆಲ್ಲ ಕಾಗದದಲ್ಲಿ ಬಳಿದು ಎಸೆದಳು.

ಗುರುವಾರದ ಹೊತ್ತಿಗೆ ಮರಿಯ ಹಿಂಭಾಗದ ಕೂದಲೆಲ್ಲ ಅಂಟಂಟು, ಮನೆಯೆಲ್ಲ ಹುಳಿ ನಾತ. ದಿನಕ್ಕೆ ನಾಲ್ಕು ಸಲ ಸೋಪು ಹಚ್ಚಿ ತೊಳೆದಳು. ಶುಕ್ರವಾರ ಬೆಳಗ್ಗೆ ಮರಿ ಕ್ಯಾರೆಟ್ಟನ್ನೂ ಮೂಸಲಿಲ್ಲ. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿತ್ತು. ಅದನ್ನು ಎತ್ತಿಕೊಂಡು ನಾವಿಬ್ಬರೂ ಪಶುವೈದ್ಯೆಯ ಬಳಿಗೆ ಓಡಿದೆವು.

"ಹುಲ್ಲು ಕೊಡ್ತಿಲ್ವಾ?" ಎಂದರು ಡಾಕ್ಟರಮ್ಮ, ಪಟ್ಟಿ ಬಿಚ್ಚುತ್ತ.

"ಕೊಳಕಾಗಿತ್ತು. ಕ್ಯಾರೆಟ್ ಬೇಯಿಸಿ ಕೊಟ್ಟೆ, ಬ್ರೆಡ್ ಕೊಟ್ಟೆ. ಅದು ತನ್ನ ಹೇಲು ತಾನೇ ತಿನ್ನತ್ತೆ ಡಾಕ್ಟ್ರೇ, ಅದಕ್ಕೇ ಪಟ್ಟಿ."

ಡಾಕ್ಟರಮ್ಮ ಬೈಯಲಿಲ್ಲ. "ಗಟ್ಟಿ ಉಂಡೆ ಇರತ್ತಲ್ಲ, ಅದು ಹೇಲು. ಮೆತ್ತಗೆ ಗೊಂಚಲು ತರ ಬರೋದು ಊಟ. ಅರ್ಧ ಜೀರ್ಣ ಆಗಿರತ್ತೆ, ಇನ್ನೊಂದು ಸಲ ಹೊಟ್ಟೆಗೆ ಹೋಗ್ಬೇಕು. ಹುಲ್ಲೂ ಇಲ್ಲ, ಅದೂ ಇಲ್ಲ, ಬರೀ ಸಿಹಿ. ಹೊಟ್ಟೆ ನಿಂತೇಹೋಗಿದೆ."

"ಬದುಕತ್ತಾ?"

"ಈಗ್ಲೇ ಹೇಳಕ್ಕಾಗಲ್ಲ." ಔಷಧಿ ಚುಚ್ಚಿದರು, ಇನ್ನೊಂದನ್ನು ಬರೆದುಕೊಟ್ಟರು. ಆಮೇಲೆ ಹೇಳಿದರು: "ಚೆನ್ನಾಗಿರೋ ದೊಡ್ಡ ಮೊಲದ ಮೆತ್ತನೆ ಹಿಕ್ಕೆ ಬೆಳಗ್ಗೆ ಹೊತ್ತು ಸಿಕ್ಕಿದ್ರೆ, ಬಿದ್ದ ಕೂಡ್ಲೇ ಇದರ ಬಾಯಿಗಿಡಿ. ಅದರಲ್ಲಿರೋ ಒಳ್ಳೇ ಕ್ರಿಮಿ ಇದರ ಹೊಟ್ಟೆಗೆ ಬೇಕು. ತೊಳೀಬೇಡಿ. ಕುದಿಸ್ಬೇಡಿ."

ದೊಡ್ಡ ಮೊಲ ಇದ್ದದ್ದು ಒಬ್ಬನ ಹತ್ತಿರ ಮಾತ್ರ.

ಶನಿವಾರ ಬೆಳಕು ಹರಿಯುವಾಗ ಮರಿಯ ಸಮೇತ ಸೈಕಲ್ ಅಂಗಡಿಯ ಹಿತ್ತಲಲ್ಲಿದ್ದೆವು. ಟಯರು, ಗ್ರೀಸು, ಮೊಲದ ಉಚ್ಚೆಯ ಘಾಟು. ಅವಳು ದೊಡ್ಡದೊಂದು ಎಕ್ಸ್‌ರೇ ಪಟ್ಟಿ ಮಾಡಿ ತಂದಿದ್ದಳು. ಅಂಗಡಿಯವನು ಅದನ್ನು ತನ್ನ ಹೆಣ್ಣು ಮೊಲದ ಕುತ್ತಿಗೆಗೆ ಸುತ್ತಿದ, ಅದು ತನ್ನದನ್ನು ತಾನು ತಿನ್ನದಂತೆ.

"ಹುಲ್ಲಿಗೇ ಛೀ ಅಂದಿದ್ರಿ," ಎಂದ. ದೊಡ್ಡಮ್ಮ ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಿಕ್ಕೆ ಬಿತ್ತು. ಕಪ್ಪಗೆ, ಜಿಡ್ಡುಜಿಡ್ಡಾಗಿ ಹೊಳೆಯುವ ಸಣ್ಣ ಗೊಂಚಲು. ನಾತಕ್ಕೆ ನಾನು ಗೋಡೆಯ ಕಡೆ ತಿರುಗಿದೆ. ಅವಳು ಮೂಗಿಗೆ ಬಟ್ಟೆ ಕಟ್ಟಿ, ಜೋಡಿ ಕೈಗವಸು ತೊಟ್ಟು ಎತ್ತಲು ನೋಡಿದಳು. ಅದು ರಬ್ಬರಿಗೆ ಅಂಟಿ ಹಿಸುಕಿಹೋಯಿತು. ಎರಡನೆಯದೂ ಹಾಗೆಯೇ ಆಯಿತು.

"ಇವತ್ತಿಗೆ ಇನ್ನೊಂದೇ ಬರೋದು ಅಮ್ಮ," ಎಂದ ಅಂಗಡಿಯವನು.

ದೊಡ್ಡಮ್ಮ ಕೈಗವಸು ಕಿತ್ತೆಸೆದಳು. ಮೂರನೆಯದು ಬಿದ್ದೊಡನೆ ಬರಿಗೈಯ ಎರಡು ಬೆರಳಲ್ಲಿ ಅದನ್ನೆತ್ತಿ, ಮಡಿಲಲ್ಲಿದ್ದ ಮರಿಯ ತುಟಿಯ ಪಕ್ಕವನ್ನು ಬಿಡಿಸಿ, ಒಳಗಿಟ್ಟಳು. ಅವಳ ಕತ್ತಿನ ನರ ಉಬ್ಬಿತ್ತು, ಓಕರಿಕೆ ಎರಡು ಸಲ ಬಂತು. ಕೈ ಮಾತ್ರ ಅಲುಗಲಿಲ್ಲ.

ಮರಿ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಿತ್ತು. ಕೊನೆಗೆ ದವಡೆ ಆಡಿತು.

ಭಾನುವಾರ ಬೆಳಗ್ಗೆ ಮತ್ತೆ ಹೋದೆವು, ಈ ಸಲ ಅವಳು ಕೈಗವಸು ತಂದಿರಲಿಲ್ಲ. ಬಾಯಿಗಿಟ್ಟದ್ದನ್ನು ಮರಿ ತಡಮಾಡದೆ ನುಂಗಿತು. ಆಮೇಲೆ ಅವಳ ಮಡಿಲಿನಿಂದ ಇಳಿದು, ನೆಲದ ಮೇಲೆ ಬಿದ್ದಿದ್ದ ಒಂದು ಹುಲ್ಲಿನ ಎಸಳನ್ನು ಕಚ್ಚಿ ಎಳೆಯಿತು. ಎಸಳಿಗೆ ಜೇಡರ ಬಲೆ ಅಂಟಿತ್ತು. ದೊಡ್ಡಮ್ಮನ ಕೈ ಅದನ್ನು ಕಿತ್ತುಕೊಳ್ಳಲು ಮುಂದೆ ಹೋಯಿತು, ಅರ್ಧದಲ್ಲಿ ನಿಂತಿತು.

"ಛೀ," ಎಂದಳು. "ತಿನ್ನು."

ಮರಿ ಎಸಳನ್ನು ಪೂರ್ತಿ ತಿಂದು ಇನ್ನೊಂದಕ್ಕೆ ಬಾಯಿ ಹಾಕಿತು. ಅಂಗಡಿಯವನು ಸೋಪು, ನೀರು ತಂದಿಟ್ಟು ಹೋದ. ಅವಳ ಬೆರಳಿಗೆ ಹಿಕ್ಕೆ ಇನ್ನೂ ಅಂಟಿಕೊಂಡೇ ಇತ್ತು. ಮರಿ ಬೆದರೀತೆಂದು ಅವಳು ಕೈ ತೊಳೆಯಲು ಏಳಲಿಲ್ಲ.