ಹೂಂಗುಟ್ಟಲು ಬಿಟ್ಟ ಜಾಗ

೨೦೨೩ನೆಯ ಇಸವಿ, ನನಗಾಗ ನಲವತ್ತೇಳು ವರ್ಷ. ಕನ್ನಡ ಮಾಸ್ತರಿಕೆಯನ್ನು ಬಿಟ್ಟು ಕಿತ್ತೂರಿನ ಮನೆಯಲ್ಲಿದ್ದೆ. ತಡವಾಗಿ ಹುಟ್ಟಿದ ನಮ್ಮ ಒಬ್ಬಳೇ ಮಗಳಿಗೆ ಆರು ತುಂಬಿತ್ತು. ಜನವರಿಯಲ್ಲಿ ಅವಳು ಮೆದುಳುಜ್ವರದಿಂದ ಬದುಕಿ ಬಂದಳು. ಆಸ್ಪತ್ರೆಯಿಂದ ಮರಳಿದ ಮರುದಿನ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರೊಂದು ಹಾಡು ಮೊಳಗಿಸುತ್ತ ಬಾಗಿಲ ಮುಂದೆಯೇ ಹಾದುಹೋಯಿತು. ಹಿಂದೆಲ್ಲ ಹೊರಗೋಡಿ ಕುಣಿಯುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ.

ಕಿವಿ ಎರಡೂ ಹೋಗಿದ್ದವು. ಬಳಕೆ ತಪ್ಪಿದರೆ ಕಲಿತ ಮಾತೂ ಹೋಗುತ್ತದೆಂದು ವೈದ್ಯರು ಎಚ್ಚರಿಸಿದರು. ಹೋಗತೊಡಗಿತು. ಮೊದಲು ಪ್ರಶ್ನೆಗಳು ನಿಂತವು, ಆಮೇಲೆ ಜಗಳ. ಕೊನೆಗೆ ‘ಅವ್ವಾ’ ಎಂಬುದೂ ಅಪರೂಪವಾಯಿತು.

ಅವಳಿಗೆ ಪ್ರಿಯವಾದದ್ದು, ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವವನ್ನು ಅಡಗಿಸಿಟ್ಟ ರಾಕ್ಷಸನ ಕಥೆ. ಕಿವಿಗೆ ಹೇಳಲಾಗದ್ದನ್ನು ಕಣ್ಣಿಗೆ ಹೇಳುವೆನೆಂದು ಚಿತ್ರಗಳ ಯೋಜನೆ ಹಾಕಿದೆ. ಘಟನೆಗೊಂದು ಹಾಳೆ, ಯಾರು, ಎಲ್ಲಿ, ಏನು ಮಾಡಿದರೆಂಬುದು ಸಂಶಯಕ್ಕೆ ಎಡೆಯಿಲ್ಲದಂತೆ. ರಾಕ್ಷಸನ ಮನೆಯಾಗಿ, ಅವಳು ಹಿಂದೊಮ್ಮೆ ಕಂಡಿದ್ದ ತೊರಗಲ್ಲಿನ ಕೋಟೆಯನ್ನೇ ಬರೆದೆ. ಕಾಗದ ಹರಿಯುವ ತನಕ ತಿದ್ದಿದೆ. ಅವಳು ಒಂದು ಹಾಳೆ ನೋಡಿ ಗೋಡೆಯತ್ತ ತಿರುಗಿದಳು. ಹೊಸದಾಗಿ ಬರೆದೆ. ಮತ್ತೆ ಗೋಡೆ. ಕೈಹಿಡಿದು ಕೂರಿಸಿದೆ, ಕಚ್ಚಿದಳು.

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದಳು.

“ಮಾಸ್ತರಿಕಿ ಬಿಟ್ರೂ ಪಾಠ ಬಿಡ್ಲಿಲ್ಲ ನೋಡ್ರಿ. ಕೂಸಿಗೇನು ಪರೀಕ್ಷಾ ಐತೇನ್ರಿ?”

“ಇದರಾಗೇನು ತಪ್ಪೈತಿ? ಎಲ್ಲಾ ಐತಿ.”

“ಎಲ್ಲಾ ಐತಿ, ಅದಕ್ಕ! ಮೊದಲ ನೀವು ಕತಿ ಹೇಳೂವಾಗ ಅಕಿ ಹೂಂ ಅನ್ನೂತನಕ ಮುಂದ ಹೋಗತಿದ್ದಿಲ್ಲ. ಇದರಾಗ ಅಕಿ ಹೂಂ ಅನ್ನಾಕ ಜಾಗಾ ಎಲ್ಲೈತ್ರಿ?”

ನಮ್ಮಲ್ಲಿ ಕೇಳುವವರು ಹೂಂಗುಟ್ಟದೆ ಕಥೆ ಸಾಗದು. ನಾನು ಉಸಿರಿಗೂ ನಿಲ್ಲದೆ ಹೇಳಿಕೊಂಡೇ ಹೋಗಿದ್ದೆ.

ಮುಂದೆ ಪಂಜರ, ಹಿಂದೆ ದೂರದಲ್ಲಿ ಕೋಟೆ ಇದ್ದ ಹಾಳೆಯಲ್ಲಿನ ಗಿಳಿಯನ್ನು ಅಳಿಸಿದೆ. ಹಾಳೆಯನ್ನೂ ಪೆನ್ಸಿಲನ್ನೂ ಮಗಳ ಮುಂದಿಟ್ಟು ಸುಮ್ಮನೆ ಕುಳಿತೆ. ಬಹಳ ಹೊತ್ತು ಏನೂ ಆಗಲಿಲ್ಲ. ಇನ್ನು ನನ್ನಲ್ಲಿ ಉಪಾಯವಿರಲಿಲ್ಲ. ಹಾಳೆಯನ್ನು ಎತ್ತಿಡಲು ಕೈಚಾಚಿದಾಗ ಅವಳು ಕಿತ್ತುಕೊಂಡಳು. ಪಂಜರದೊಳಗಲ್ಲ, ಕೋಟೆಯ ನೆತ್ತಿಯ ಮೇಲೆ ಒಂದು ಗಿಳಿಯನ್ನು ಗೀಚಿದಳು. ನನ್ನ ಮುಖ ನೋಡಿ, ತನಗೇ ಕೇಳಿಸದ ಒಡಕು ದನಿಯಲ್ಲಿ, ಬೀದಿಗೆ ಕೇಳುವಂತೆ, “ಹೂಂ!” ಎಂದಳು.

ಗಿಳಿ ಪಂಜರದಿಂದ ಹಾರಿಹೋದ ಮೇಲೆ ಮುಂದಿನ ಹಾಳೆಗಳ ನನ್ನ ಯೋಜನೆ ಯಾವುದಕ್ಕೂ ಬಾರದಾಯಿತು. ಪ್ರತಿ ಚಿತ್ರದಲ್ಲಿಯೂ ಅವಳಿಗಾಗಿ ಒಂದು ಖಾಲಿ ಜಾಗವನ್ನು ಬಿಡತಕ್ಕದ್ದೆಂದು ತೀರ್ಮಾನವಾದದ್ದು ೨೦೨೩ರ ಏಪ್ರಿಲ್ ೯, ರವಿವಾರ.