ಅಮ್ಮ ಕತ್ತರಿಸಿದ ಮಾನಿಟರ್

ಕಂದು ಕಾಗದದ ಮೇಲೆ ಅಮ್ಮ ನೀಲಿ ಸೀಮೆಸುಣ್ಣದಿಂದ ಹದಿನೇಳು ಇಂಚಿನ ಗೆರೆ ಎಳೆದಳು. ಆಮೇಲೆ ಎರಡೂ ಕೊನೆಯಲ್ಲಿ ಅರ್ಧರ್ಧ ಇಂಚು ಬಿಟ್ಟು ಇನ್ನೊಂದೊಂದು ಗುರುತು ಹಾಕಿದಳು. ಒಳಗಿನದು ಅಳತೆ, ಹೊರಗಿನದು ಹೊಲಿಗೆಗೆ.

“ಮಾನಿಟರ್‌ಗೆ ಹೊಲಿಗೆ ಯಾಕಮ್ಮ?” ಎಂದೆ.

“ಸುಮ್ನಿರೇ. ಬಿಡದೆ ಕತ್ತರಿಸಿ ನನಗೆ ಅಭ್ಯಾಸ ಇಲ್ಲ.”

ಬನಶಂಕರಿ ಎರಡನೇ ಹಂತದ ನಮ್ಮ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಮುಂದಿನ ಕೋಣೆಯ ಒಂದೇ ಗೋಡೆಯನ್ನು ಇಬ್ಬರೂ ಹಂಚಿಕೊಂಡಿದ್ದೆವು. ಬಲತುದಿಯಲ್ಲಿ ರಸ್ತೆಗೆ ತೆರೆಯುವ ಕಿಟಕಿ, ಅದರ ಕೆಳಗೆ ಅಮ್ಮನ ಹೊಲಿಗೆ ಮಿಷನ್ನು. ಎಡತುದಿಯಲ್ಲಿ ಬಾಗಿಲು. ನಡುವೆ ನನ್ನ ಚಿಕ್ಕ ಮೇಜು, ಅದರ ಮೇಲೆ ಆಫೀಸಿನವರು ಕೊಟ್ಟ ಹಳೆಯ ದಪ್ಪ ಮಾನಿಟರ್. ಅದು ಎಷ್ಟು ಇಂಚಿನದು ಎಂದು ನನಗೆ ಗೊತ್ತಿರಲಿಲ್ಲ, ಹಿಂದೆ ಅಂಟಿಸಿದ್ದ ಚೀಟಿ ಎಂದೋ ಕಿತ್ತುಹೋಗಿತ್ತು. ಮಿಷನ್ನಿನಲ್ಲಿ ಹೊಲಿದ ಬಟ್ಟೆ ಎಡಕ್ಕೆ ಇಳಿದು ನನ್ನ ಮೇಜಿಗೆ ತಾಗಿ ಮುದ್ದೆಯಾಗುತ್ತಿತ್ತು. ಅಮ್ಮ ಆಗಾಗ ಅದನ್ನು ಮೊಣಕೈಯಿಂದ ಸರಿಸಿಕೊಳ್ಳುತ್ತಿದ್ದಳು.

ಆಗ ನಾನು ಎಂ.ಎ. ಮುಗಿಸಿ ಜಯನಗರದ ಒಂದು ಸಣ್ಣ ಪ್ರಕಾಶನಕ್ಕೆ ಪುಟ ಜೋಡಿಸುವ ಕೆಲಸ ಮಾಡುತ್ತಿದ್ದೆ. ಮಕ್ಕಳ ವಿಜ್ಞಾನದ ಪುಸ್ತಕಗಳು, ಎಡಪುಟದಲ್ಲಿ ಇಂಗ್ಲಿಷ್, ಬಲಪುಟದಲ್ಲಿ ಕನ್ನಡ. ಒಂದೇ ಪರದೆಯಲ್ಲಿ ಒಂದನ್ನು ತೆರೆದರೆ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು. ಕಪ್ಪೆಯ ಹೃದಯದ ಬಗ್ಗೆ ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದ ಪುಟಕ್ಕೆ ಬರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಎಂಬುದು ಮರೆತುಹೋಗುತ್ತಿತ್ತು. ಪ್ರಕಾಶನದ ಮೇಡಂ ನನ್ನ ಒದ್ದಾಟ ನೋಡಿ, “ಪುಸ್ತಕ ಪೂರ್ತಿ ಮನೇಲೇ ಕೂತು ಮಾಡು, ನಂದೇನೂ ಅಭ್ಯಂತರ ಇಲ್ಲ. ಆದ್ರೆ ಎರಡು ಮಾನಿಟರ್ ಹಾಕ್ಕೋ” ಎಂದಿದ್ದರು. ಚಪ್ಪಟೆ ಮಾನಿಟರ್‌ಗಳು ಆಗಷ್ಟೇ ನಮ್ಮಂಥವರ ಕೈಗೆ ಎಟುಕುವಂತಾಗಿದ್ದವು. ಎರಡು ಪರದೆಗೆ ಬೇಕಾದ ಕಾರ್ಡನ್ನು ಕಂಪ್ಯೂಟರಿಗೆ ಮೊದಲೇ ಹಾಕಿಸಿಕೊಂಡೆ. ಉಳಿದದ್ದು ಒಂದೇ ಪ್ರಶ್ನೆ: ಹದಿನೈದು ಇಂಚಿನವೋ, ಹದಿನೇಳು ಇಂಚಿನವೋ?

ಆಫೀಸಿನಲ್ಲಿ ಹದಿನೈದು ಇಂಚಿನ ಒಂದು ಮಾನಿಟರ್ ಇತ್ತು. ಅದರಲ್ಲಿ ಇಡೀ ಪುಟ ಕಾಣುವಂತೆ ಮಾಡಿದರೆ ಒತ್ತಕ್ಷರಗಳು ಅಕ್ಷರದ ಕಾಲಿಗೆ ಹತ್ತಿದ ಇರುವೆಗಳ ಹಾಗೆ ಕಾಣುತ್ತಿದ್ದವು. ಹದಿನೇಳರಲ್ಲಿ ಹಾಗಾಗುವುದಿಲ್ಲ ಎಂದು ಕೇಳಿದ್ದೆ. ಅದನ್ನು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಕೂಡಲೇ ಟೇಪು, ಸೀಮೆಸುಣ್ಣ, ಕತ್ತರಿ ಬಂದವು. ಎರಡು ಕಾಗದದ ಮಾನಿಟರ್‌ಗಳು ತಯಾರಾದವು. ಎತ್ತರವನ್ನು ಅಂದಾಜಿಗೆ ಇಟ್ಟುಕೊಂಡಳು. ಅಕ್ಕಪಕ್ಕ ಗೋಡೆಗೆ ಅಂಟಿಸಿ ನೋಡಿದರೆ ಒಂದರ ಕಾಲುಭಾಗ ಮಿಷನ್ನಿನ ಮೇಲೆ ಹೋಗಿ ಕುಳಿತಿತ್ತು. ಮಿಷನ್ನಿನ ಅಂಚಿನಿಂದ ಬಾಗಿಲ ಚೌಕಟ್ಟಿನವರೆಗೆ ಇದ್ದದ್ದು ಮೂವತ್ತೊಂದು ಇಂಚು, ಕಾಗದದ ಜೋಡಿ ಮೂವತ್ತಾರು. ಅಮ್ಮ ಅವನ್ನೇ ಮಡಿಚಿ ಗುಂಡುಪಿನ್ನು ಚುಚ್ಚಿ ಹದಿನೈದು ಮಾಡಿದಳು. ಹೊಲಿಗೆ ಬಿಡದಿದ್ದರೆ ಅವು ಹೇಗೋ ಹಿಡಿಸುತ್ತಿದ್ದವು.

ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಹುಡುಗಿ, ಆಫೀಸಿಗೆ ಹೋಗುವವಳು. ಅಮ್ಮನ ಕೈಯ ಬ್ಲೌಸೇ ಸರಿಯಾಗಿ ಕೂರುತ್ತದೆಂದು ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು.

“ಆಂಟಿ, ನನ್ನ ಬ್ಲೌಸ್ ಆತೇನ್ರಿ?”

“ನಾಳೆ ಕಣಮ್ಮ. ಒಂದು ತೋಳು ಬಾಕಿ.”

“ಮೊನ್ನೇನೂ ತೋಳೇ ಬಾಕಿ ಇತ್ತಲ್ರಿ!”

“ಅದು ಎಡಗಡೆದು. ಇದು ಬಲಗಡೆದು.”

ಅವಳು ನಕ್ಕು ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದಳು. “ಗ್ವಾಡಿ ಮ್ಯಾಲೆ ಏನ್ರಿ ಇದು?”

“ಇವಳ ಕಂಪ್ಯೂಟರು. ಅಳತೆ ನೋಡ್ತಿದ್ದೀವಿ. ಮಡಿಚಿದ್ದು ಹದಿನೈದು, ಬಿಚ್ಚಿದ್ರೆ ಹದಿನೇಳು” ಎಂದು ಅಮ್ಮ ಪಿನ್ನು ತೆಗೆದು ತೋರಿಸಿದಳು.

“ಯವ್ವಾ! ಇಷ್ಟು ದೊಡ್ಡದು ನಮ್ಮ ಆಫೀಸಿನ್ಯಾಗ ಮ್ಯಾನೇಜರ್ ಕಡೇನೂ ಇಲ್ಲ ಬಿಡ್ರಿ. ಅದೂ ಎರಡ?”

ಅಮ್ಮನಿಗೆ ಹೆಮ್ಮೆಯಾಯಿತು. ಆ ಮಾತನ್ನು ಇನ್ನೊಂದು ಸಲ ಯೋಚಿಸಿ ನೋಡಬೇಕಿತ್ತು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅವಳು ಹೋದ ಮೇಲೆ ಅಮ್ಮ ಹೇಳಿದಳು, “ಹದಿನೇಳೇ ತಗೋ. ಮಿಷನ್ ಒಳಗಡೆ ಕೋಣೆಗೆ ಹಾಕ್ಕೋತೀನಿ.”

“ಅಲ್ಲಿ ಬೆಳಕೆಲ್ಲಿದೆ?”

“ಟ್ಯೂಬ್‌ಲೈಟ್ ಇದೆಯಲ್ಲ.”

“ಕರೀ ಬಟ್ಟೆಗೆ ಕರೀ ದಾರ ಹಾಕೋವಾಗ?”

“ಕರೀದು ಬಂದಾಗ ಬಾಗಿಲಲ್ಲಿ ಕೂತ್ಕೋತೀನಿ.”

“ನನಗೆ ಹದಿನೈದು ಸಾಕಮ್ಮ.”

“ಸಾಕು ಅನ್ನೋ ಮುಖ ನೋಡು!”

ಒಳಗಿನ ಕೋಣೆಯಲ್ಲಿ ಬೆಳಕಿರಲಿಲ್ಲ ಎಂಬುದಷ್ಟೇ ಅಲ್ಲ. ಆ ಕಿಟಕಿಯೇ ಅಮ್ಮನ ಅಂಗಡಿ. ಬೋರ್ಡು ಇರಲಿಲ್ಲ, ದಾರಿಯಲ್ಲಿ ಹೋಗುವವರು ಅವಳ ತಲೆ ನೋಡಿ ನಿಲ್ಲುತ್ತಿದ್ದರು. ಬ್ಲೌಸಿನ ಬಟ್ಟೆ ಸರಳಿನ ಸಂದಿಯಿಂದಲೇ ಒಳಗೆ ಬರುತ್ತಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಗಿರಿನಗರದಲ್ಲಿ ಯಾರು ಮನೆ ಕಟ್ಟಿಸಿದರು, ಸಾರಕ್ಕಿ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಬಂತೋ ಇಲ್ಲವೋ, ಎಲ್ಲ ಸುದ್ದಿಯೂ ಅದೇ ದಾರಿಯಲ್ಲಿ ಬರುತ್ತಿತ್ತು. ನನಗೆ ಜನರೊಡನೆ ಹೆಚ್ಚು ಮಾತು ಬಾರದು. ಅಮ್ಮನ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವುದೇ ನನ್ನ ಪಾಲಿನ ಒಡನಾಟವಾಗಿತ್ತು. ಅವಳನ್ನು ಒಳಗಿನ ಕೋಣೆಗೆ ಕಳಿಸಿ ಆ ಗೋಡೆಯ ಮುಂದೆ ನಾನೊಬ್ಬಳೇ ಕುಳಿತಿರುವುದನ್ನು ಊಹಿಸಿಕೊಳ್ಳಲಾಗಲಿಲ್ಲ.

ಶುಕ್ರವಾರ ಆಫೀಸಿನಿಂದ ಬಂದಾಗ ಒಳಕೋಣೆಯ ಮೂಲೆಯಲ್ಲಿದ್ದ ಅಕ್ಕಿ ಡ್ರಮ್ಮು ಅಡುಗೆಮನೆ ಬಾಗಿಲ ಹತ್ತಿರ ಬಂದು ನಿಂತಿತ್ತು. ಖಾಲಿಯಾದ ಜಾಗವನ್ನು ಗುಡಿಸಿ ಒರೆಸಲಾಗಿತ್ತು. ಅಲ್ಲಿ ಏನು ಬರಲಿದೆ ಎಂದು ಕೇಳುವ ಅಗತ್ಯವಿರಲಿಲ್ಲ. ಅಂಗಡಿಯಲ್ಲಿ ಅಮ್ಮ ಬಾಯಿ ತೆರೆಯುವ ಮುಂಚೆ ಹದಿನೈದು ಎಂದು ಹೇಳಿಬಿಡಬೇಕೆಂದು ನಿರ್ಧರಿಸಿದೆ.

ಶನಿವಾರ ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆವು. ಅಮ್ಮನ ಕಂಕುಳಲ್ಲಿ ಸುರುಳಿ ಸುತ್ತಿದ ಕಂದು ಕಾಗದ, ಚೀಲದಲ್ಲಿ ಟೇಪು. ಅಂಗಡಿಯವನಿಗೆ ಮೂವತ್ತರ ಆಸುಪಾಸು, ನಗುಮುಖ.

“ಯಾವ್ ಸೈಜ್ ಮೇಡಂ?”

“ಹದಿನೈದು” ಎಂದೆ.

“ಹದಿನೇಳು” ಎಂದಳು ಅಮ್ಮ, ಅದೇ ಉಸಿರಿನಲ್ಲಿ.

ಅವನು ಒಮ್ಮೆ ನನ್ನನ್ನು, ಒಮ್ಮೆ ಅಮ್ಮನನ್ನು ನೋಡಿದ. “ರಾಜಿ ಮಾಡೋಣ ಅಂದ್ರೆ ಹದಿನಾರು ಬರಲ್ಲ ಆಂಟಿ.”

ಎರಡನ್ನೂ ಕೌಂಟರಿನ ಮೇಲೆ ತಂದಿಟ್ಟ. ಅಮ್ಮ ಸುರುಳಿ ಬಿಚ್ಚಿ ಹದಿನೇಳರ ಮುಂದೆ ಕಾಗದ ಹಿಡಿದಳು. ಕಾಗದ ಎರಡೂ ಕಡೆ ಜೋತುಬಿತ್ತು, ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ. ಅಮ್ಮನ ಹುಬ್ಬು ಗಂಟಾಯಿತು.

“ಇದು ಹದಿನೇಳಲ್ಲ.”

“ಹದಿನೇಳೇ ಆಂಟಿ. ಬಾಕ್ಸ್ ಮೇಲೆ ಬರೆದಿದೆ ನೋಡಿ.”

“ಬಾಕ್ಸ್ ಮೇಲೆ ಏನ್ ಬೇಕಾದ್ರೂ ಬರೀಬಹುದು.” ಚೀಲದಿಂದ ಟೇಪು ಹೊರಬಂತು. ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಿಡಿದಳು. “ಹದಿಮೂರೂಕಾಲು. ಇನ್ನು ಮೂರೂಮುಕ್ಕಾಲು ಇಂಚು ಎಲ್ಲಿ ಹೋಯ್ತಪ್ಪಾ?”

ಅಂಗಡಿಯಲ್ಲಿ ಬಟ್ಟೆಯನ್ನು ಎಳೆದೆಳೆದು ಅಳೆದು ಮೋಸ ಮಾಡುವವರನ್ನು ಹಿಡಿಯುವಾಗಿನ ದನಿಯೇ ಅದು. ಪಕ್ಕದಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ನಾನು ಗಾಜಿನ ಕೆಳಗಿದ್ದ ಮೌಸುಗಳನ್ನು ಬಹಳ ಗಮನವಿಟ್ಟು ನೋಡತೊಡಗಿದೆ. ಅಂಗಡಿಯವನಿಗೆ ಮಾತ್ರ ನಗು ತಡೆಯಲಾಗಲಿಲ್ಲ.

“ಆಂಟಿ, ಟೇಪ್ ಓರೆಗೆ ಹಿಡೀರಿ. ಈ ಮೂಲೆಯಿಂದ ಆ ಮೂಲೆಗೆ.”

ಅಮ್ಮ ಅನುಮಾನದಿಂದಲೇ ಹಿಡಿದಳು. ಟೇಪು ಹದಿನೇಳಕ್ಕೆ ಸರಿಯಾಗಿ ನಿಂತಿತು.

“ಕ್ರಾಸಾ?”

“ಕ್ರಾಸೇ. ಟೀವೀನೂ ಹಂಗೇ, ಮಾನಿಟರೂ ಹಂಗೇ.”

“ಇದ್ಯಾವ ಅಳತೆನಪ್ಪಾ! ನಾನು ಹೀಗೆ ಅಳೆದು ಬ್ಲೌಸ್ ಹೊಲಿದ್ರೆ ಮನೆಗೇ ಬಂದು ಹೊಡೀತಾರೆ.”

ಶಾಲೆಯಲ್ಲಿ ಕರ್ಣದ ಮೇಲೆ ಎಷ್ಟೋ ಲೆಕ್ಕ ಮಾಡಿದ್ದೆ. ಆ ಕರ್ಣ ಮಾನಿಟರಿನ ಡಬ್ಬದ ಮೇಲೆ ಬಂದು ಕೂತಿರಬಹುದೆಂದು ನನಗೆ ಹೊಳೆದಿರಲಿಲ್ಲ. ಅಮ್ಮ ಇನ್ನೂ ಅಂಗಡಿಯವನ ಜೊತೆ ಓರೆ ಅಳತೆಯ ನ್ಯಾಯಾನ್ಯಾಯ ಚರ್ಚಿಸುತ್ತಿದ್ದಾಗ, ಇದರ ಅರ್ಥವೇನೆಂದು ನನಗೆ ನಿಧಾನವಾಗಿ ತಿಳಿಯತೊಡಗಿತು. ಅವಳ ಕೈಯಿಂದ ಟೇಪು ತೆಗೆದುಕೊಂಡೆ. ಈ ಸಲ ಪರದೆಯನ್ನಷ್ಟೇ ಅಲ್ಲ, ಕಪ್ಪು ಚೌಕಟ್ಟನ್ನೂ ಸೇರಿಸಿ ಅಡ್ಡಕ್ಕೆ ಅಳೆದೆ. ಹದಿನಾಲ್ಕೂವರೆ.

ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. “ಎರಡಕ್ಕೆ ಇಪ್ಪತ್ತೊಂಬತ್ತು” ಎಂದಳು, ಯಾರೋ ಕೇಳಿಸಿಕೊಂಡು ಕಸಿದುಕೊಳ್ಳುತ್ತಾರೇನೋ ಎನ್ನುವಷ್ಟು ಮೆಲ್ಲಗೆ. ಆಮೇಲೆ, “ಹೊಲಿಗೆಗೆ?”

“ಈ ಕರೀ ಅಂಚೇ ಹೊಲಿಗೆ ಅಮ್ಮ. ಸೇರಿಸೇ ಅಳೆದಿದ್ದೀನಿ.”

ಅವಳು ಕಾಗದವನ್ನು ಮತ್ತೆ ಸುರುಳಿ ಸುತ್ತತೊಡಗಿದಳು. ಮುಖ ಆ ಕಡೆ ಇತ್ತು. “ಹಾಗಾದ್ರೆ ಅಕ್ಕಿ ಡ್ರಮ್ ವಾಪಸ್ ಒಳಗೆ ಇಡಬಹುದು” ಎಂದಳು.

ನನಗೆ ಕುಣಿಯಬೇಕೆನಿಸಿತು. ಕುಣಿಯಲಿಲ್ಲ; ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ನಮ್ಮ ಖುಷಿ ನೋಡಿ ಅಂಗಡಿಯವನಿಗೂ ಹುರುಪು ಬಂತು. “ಇಷ್ಟೆಲ್ಲಾ ಜಾಗ ಇದೆ ಅಂದ್ಮೇಲೆ ಹತ್ತೊಂಬತ್ತೇ ಹಾಕ್ಕೊಳ್ಳಿ ಮೇಡಂ. ಸಖತ್ತಾಗಿರುತ್ತೆ.” ತಂದು ತೋರಿಸಿಯೂ ಬಿಟ್ಟ. ಚೌಕಟ್ಟು ಸೇರಿ ಹದಿನಾರು ಇಂಚು. ಅದರಲ್ಲಿ ಅವನು ಒಂದು ಹೂವಿನ ಚಿತ್ರ ಹಾಕಿದ, ಅಮ್ಮ ಮನಸೋತಳು.

“ಮೂವತ್ತೆರಡು ತಾನೆ? ಒಂದಿಂಚು ಹೆಚ್ಚು. ಮಿಷನ್ನ ಒಂಚೂರು ಜರುಗಿಸ್ತೀನಿ ಕಣೇ.”

ಮಿಷನ್ನಿನ ಆ ಬದಿಯಲ್ಲಿ ಜರುಗಿಸಲು ಗೋಡೆಯ ಮೂಲೆ ಬಿಟ್ಟರೆ ಏನೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಇಂದು ಒಂದಿಂಚು ಜರುಗಿದ್ದು ನಾಳೆ ಒಳಕೋಣೆ ಸೇರುವುದನ್ನು ನಾನು ಕಣ್ಣಾರೆ ಕಂಡಂತಾಯಿತು.

“ಬೇಡ. ಹದಿನೇಳೇ ಕೊಡಿ. ಎರಡು.”

ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ತಿಳಿದಿರಲಿಲ್ಲ. ಅಮ್ಮ ಬೆರಗಿನಿಂದ ನೋಡಿದಳು. ಅಂಗಡಿಯವನು ಹತ್ತೊಂಬತ್ತನ್ನು ಮರುಮಾತಾಡದೆ ಎತ್ತಿಟ್ಟ.

ಅಲ್ಲಿಗೆ ಮುಗಿಯಲಿಲ್ಲ. ಎರಡು ತೋಳಿನ ಬಟ್ಟೆ ಒಂದೇ ತಾನಿನದಾಗಿರಬೇಕು ಎನ್ನುವುದು ಅಮ್ಮನ ನೇಮ. ಎರಡನ್ನೂ ಹೊತ್ತಿಸಿ ಬರೀ ಬಿಳಿ ತೋರಿಸುವಂತೆ ಹೇಳಿ, ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನಿಂತಳು.

“ಬಲಗಡೇದು ಕೋರಾ ಬಣ್ಣ. ಬೇರೆ ಕೊಡಿ.”

“ಆಂಟಿ, ಎರಡೂ ಬಿಳೀನೇ!”

“ಎಡಗಡೇದು ಬಿಳಿ. ಇದು ಮೂರು ಸಲ ಒಗೆದ ಬಿಳಿ.”

ನಾನೂ ನೋಡಿದೆ. ನಿಜ, ಬಲಗಡೆಯದು ಚೂರು ಹಳದಿ. ಅವನು ಇನ್ನೊಂದು ಡಬ್ಬ ಒಡೆಯುತ್ತ, “ಹೆಣ್ಣು ನೋಡೋಕೆ ಬಂದವರ ಥರ ನೋಡ್ತಿದ್ದೀರಲ್ಲ” ಎಂದ.

“ಅವರು ಇಷ್ಟೆಲ್ಲಾ ಎಲ್ಲಿ ನೋಡ್ತಾರೆ? ಕೇಸರಿಬಾತ್ ನೋಡ್ತಾರೆ” ಎಂದಳು ಅಮ್ಮ. ಹಿಂದಿನ ತಿಂಗಳು ನಮ್ಮ ಮನೆಗೆ ಬಂದುಹೋದವರು ಇಬ್ಬರಿಗೂ ನೆನಪಾದರು. ಎರಡೆರಡು ಸಲ ಕೇಸರಿಬಾತ್ ಹಾಕಿಸಿಕೊಂಡು, ತಿಳಿಸ್ತೀವಿ ಎಂದು ಹೋದವರು. ನಾನು ನಗುವುದನ್ನು ತಡೆಯಲು ಹೋಗಿ ಗೆಲ್ಲಲಿಲ್ಲ.

ಆಟೋದಲ್ಲಿ ಡಬ್ಬಗಳು ಸೀಟಿನ ಮೇಲೆ, ನಾವು ಅವುಗಳ ಅಂಚಿಗೆ. “ಎರಡೆರಡು ಟೀವೀನಾ ಅಮ್ಮಾ?” ಎಂದು ಆಟೋದವರು ಕೇಳಿದರು. “ಹೂಂ. ಒಂದು ನನಗೆ, ಒಂದು ಇವಳಿಗೆ. ಜಗಳ ಇರಲ್ಲ” ಎಂದಳು ಅಮ್ಮ.

ಸಂಜೆಯ ಹೊತ್ತಿಗೆ ದಪ್ಪ ಮಾನಿಟರ್ ಇಳಿದು ಹೊಸ ಎರಡು ಮೇಜೇರಿದವು. ಅವುಗಳ ಪಾದಗಳಷ್ಟೇ ಹಲಗೆಯ ಮೇಲೆ, ಅಂಚುಗಳು ಎರಡೂ ಕಡೆ ಸ್ವಲ್ಪ ಆಚೆ ಚಾಚಿಕೊಂಡಿದ್ದವು. ಅಮ್ಮ ಎರಡೂ ಚೌಕಟ್ಟಿಗೆ ಕುಂಕುಮವಿಟ್ಟಳು. ಎಡಗಡೆ ಇಂಗ್ಲಿಷ್ ಪುಟ, ಬಲಗಡೆ ಕನ್ನಡ ಪುಟ ತೆರೆದೆ. ಕಪ್ಪೆ ಎರಡೂ ಕಡೆ ಒಂದೇ ಎತ್ತರದಲ್ಲಿ ಕುಳಿತಿತ್ತು. ಒತ್ತಕ್ಷರಗಳು ಒಂದೊಂದೂ ತಮ್ಮ ತಮ್ಮ ಜಾಗದಲ್ಲಿ ತಿಳಿಯಾಗಿ ನಿಂತಿದ್ದವು. ಅಮ್ಮನಿಗೆ ತೋರಿಸಲೆಂದು ಪುಟವನ್ನು ಮೌಸಿನಿಂದ ಹಿಡಿದು ಒಂದು ಪರದೆಯಿಂದ ಇನ್ನೊಂದಕ್ಕೆ ಎಳೆದು ನಡುವೆ ನಿಲ್ಲಿಸಿದೆ. ಅರ್ಧ ಪುಟ ಅಲ್ಲಿ, ಅರ್ಧ ಇಲ್ಲಿ. ಅವಳು ಬಗ್ಗಿ, ಎರಡು ಪರದೆಗಳು ಕೂಡುವಲ್ಲಿ ಬೆರಳಿಟ್ಟು, ಸಾಲುಗಳನ್ನು ಒಂದೊಂದಾಗಿ ನೋಡಿದಳು. ಗೆರೆಬಟ್ಟೆ ಹೊಲಿದು ಮುಗಿಸಿದ ಮೇಲೆ ಯಾವಾಗಲೂ ನೋಡುವಂತೆ.

“ಪಟ್ಟೆ ಸೇರಿದೆ” ಎಂದಳು.

ಮರುದಿನ ಬೆಳಿಗ್ಗೆ ಅಮ್ಮ ಹಾಲು ತರಲು ಹೋಗಿದ್ದಾಗ ನಾನು ಮೇಜನ್ನು ಬಾಗಿಲ ಕಡೆಗೆ ಎರಡು ಇಂಚು ಸರಿಸಿದೆ, ಎಡ ಮಾನಿಟರಿನ ಅಂಚು ಬಾಗಿಲ ಚೌಕಟ್ಟಿಗೆ ಇನ್ನೇನು ತಾಗಬೇಕು ಎನ್ನುವವರೆಗೆ. ಮಿಷನ್ನಿನ ಪಕ್ಕದಲ್ಲಿ ಬಟ್ಟೆ ಇಳಿಯುವಷ್ಟು ಸಂದಿ ಬಿಟ್ಟುಕೊಂಡಿತು. ಕೆಳಗೆ ಕೂತು ವೈರುಗಳನ್ನು ಕಟ್ಟಿದೆ. ಕಿಟಕಿಯ ಎರಡೂ ಬಾಗಿಲು ತೆರೆದು, ಹುಬ್ಬಳ್ಳಿ ಹುಡುಗಿಯ ಬ್ಲೌಸಿನ ಬಲಗಡೆ ತೋಳನ್ನು ಮಿಷನ್ನಿನ ಮೇಲೆ ಕಾಣುವಂತೆ ಇಟ್ಟೆ. ಆಮೇಲೆ ಕುಳಿತು, ಎರಡೂ ಪರದೆಗಳನ್ನು ಹೊತ್ತಿಸಿದೆ.